ಮಾವನವರು ಅಳೆದ ಬಸ್ಸು

ನಮ್ಮ ಮಾವನವರ ಪಕ್ಕ ಬಸ್ಸಿನಲ್ಲಿ ಕೂರುವ ಬದಲು ಝರಾಸಂಗಂನಿಂದ ಜಹೀರಾಬಾದಿಗೆ ಬರಿಗಾಲಲ್ಲಿ ನಡೆಯುವುದೇ ಸುಖ! ಆದರೆ ಆರು ತಿಂಗಳ ಬಸುರಿ ನಡೆಯುವುದೆಲ್ಲಿಂದ ಬಂತು? ಮೊದಲನೆಯದು ಹೊಟ್ಟೆಯಲ್ಲೇ ಹೋಗಿತ್ತು. ಇದಾದರೂ ಉಳಿಯಲಿ ಎಂದು ತಿಂಗಳಿಗೊಮ್ಮೆ ದವಾಖಾನೆಗೆ ಹೋಗಬೇಕಿತ್ತು. ಗಂಡ ಹೊಲ ಬಿಟ್ಟು ಬರಲಾರರು. ಹೀಗಾಗಿ ರಿಟೈರಾದ ಗಣಿತದ ಮಾಸ್ತರರು, ಅಂದರೆ ಮಾವನವರೇ, ನನ್ನ ಕಾವಲು.

ಬಸ್ಸು ಹೊರಟಿತೋ, ಜೇಬಿನಿಂದ ಗಡಿಯಾರ ಹೊರಗೆ! ಒಂದು ಮೈಲಿಕಲ್ಲಿನಿಂದ ಇನ್ನೊಂದಕ್ಕೆ ಮೂರು ನಿಮಿಷ, ಅಂದರೆ ಗಂಟೆಗೆ ಇಪ್ಪತ್ತು ಮೈಲಿ. ಈಗಿನ ವೇಗದಲ್ಲಿ ಹಿಂದಿನ ವೇಗ ಕಳೆ, ಹಿಡಿದ ಸಮಯದಿಂದ ಭಾಗಿಸು, ಬಂತು ವೇಗೋತ್ಕರ್ಷ. ನನಗೆ ಬರುತ್ತಿದ್ದದ್ದು ವಾಂತಿ. ಅದನ್ನು ಯಾರು ಲೆಕ್ಕಕ್ಕೆ ತೆಗೆದುಕೊಂಡಾರು?

ಒಂದು ದಿನ ಕಲ್ಲುಗಳು ಎರಡೆರಡು ನಿಮಿಷಕ್ಕೇ ಬರತೊಡಗಿದವು. ಮಾವನವರು ಎದ್ದು ನಿಂತರು.

“ಡ್ರೈವರ್ ಸಾಬ್, ಇಪ್ಪತ್ತಿದ್ದದ್ದು ಮೂವತ್ತಾತು! ಎರಡು ನಿಮಿಷದಾಗ ಹತ್ತು ಏರಿಸೀರಿ. ನಿಮಿಷಕ್ಕ ಐದು! ಇದೇನು ಕುದುರಿ ರೇಸೇನ್ರಿ?”

ಡ್ರೈವರ್ ತಿರುಗಿಯೂ ನೋಡಲಿಲ್ಲ. “ಮಾಸ್ತರ್ ಸಾಬ್, ಗಾಡಿ ಹಂಗೇ ಹೊಂಟದ. ಮೈಲಿಕಲ್ಲು ಕಿತ್ತು ಕಿಲೋಮೀಟರ್ ಕಲ್ಲು ಹುಗದಾರ್ರಿ!”

ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಇನ್ನಾದರೂ ಸುಮ್ಮನಾದಾರು ಅಂದುಕೊಂಡರೆ, ಎಲ್ಲಿಯದು! ಮೈಲಿಯನ್ನು ಕಿಲೋಮೀಟರಿಗೆ ತಿರುಗಿಸಿ ಮೊದಲಿನಿಂದ ಶುರು ಮಾಡಿದರು. ನನಗೆ ಸಾಕುಸಾಕಾಗಿತ್ತು.

“ಮಾವಾರ, ಕೈ ಮುಗಿತೀನಿ. ಸಾಕು ಮಾಡ್ರಿ ಈ ಲೆಕ್ಕ” ಅಂದೆ.

ಅಷ್ಟರಲ್ಲಿ ಕುರಿ ಹಿಂಡು ಅಡ್ಡ ಬಂತು. ಬ್ರೇಕ್ ಬಿದ್ದ ರಭಸಕ್ಕೆ ನಾನು ಮುಗ್ಗರಿಸಿದೆ. ಹೊಟ್ಟೆಗೂ ಮುಂದಿನ ಸೀಟಿನ ಕಂಬಿಗೂ ನಡುವೆ ಮಾವನವರ ತೋಳು ಅಡ್ಡ ಬಂದಿತ್ತು. ಮೂಳೆ ಕಂಬಿಗೆ ಬಡಿದ ಸದ್ದು ನನಗೂ ಕೇಳಿಸಿತು.

“ವೇಗ ಏನೂ ಮಾಡಂಗಿಲ್ಲವ್ವ” ಎಂದರು ತೋಳು ಒತ್ತಿಕೊಳ್ಳುತ್ತ. “ಅದು ಒಮ್ಮೆಲೆ ಬದಲಾದ್ರ ಜೀವಕ್ಕ ಬಡಿತದ. ಮೊದಲನೇ ಕೂಸಿನ ಸಲ ನೀ ಹಿಂಗೇ ಕಂಬಿಗಿ ಬಡಿದಾಗ ನಾ ಬಾಜೂಕೇ ಇದ್ದೆ. ನನಗ ನಿದ್ದಿ ಹತ್ತಿತ್ತು. ಲೆಕ್ಕ ಮಾಡ್ಕೋತ ಕುಂತ್ರ ನಿದ್ದಿ ಬರಂಗಿಲ್ಲ.”

ಇಷ್ಟು ದಿನ ಮನಸ್ಸಿನಲ್ಲೇ ಇವರನ್ನು ಎಷ್ಟು ಬೈದಿದ್ದೆ!

ದವಾಖಾನೆಯಲ್ಲಿ ನನ್ನ ಸರದಿ ಬಂದಾಗ, ಮೊದಲು ಇವರ ತೋಳು ನೋಡಿ ಎಂದೆ. ಮಾವನವರು ಕೇಳಲಿಲ್ಲ, ನನ್ನನ್ನೇ ಒಳಗೆ ಕಳಿಸಿದರು. ಕೂಸಿನ ಎದೆಬಡಿತ ಚೆನ್ನಾಗಿದೆ ಎಂದು ನರ್ಸಮ್ಮ ನನ್ನೊಂದಿಗೆ ಹೊರಗೆ ಬಂದು ಹೇಳಿದಾಗ, ಮಾವನವರು ಅಷ್ಟು ಜನರ ನಡುವೆ ಗೋಡೆಯ ಕಡೆ ತಿರುಗಿ ಗಳಗಳನೆ ಅತ್ತುಬಿಟ್ಟರು.