ಹಳೆ ಕಾರಿನ ಫ್ಯೂಸ್ ಪೆಟ್ಟಿಗೆಯ ಕಿಲುಬಿನವರಿಗೆ

ಮಾನ್ಯ ಕಿಲುಬಿನವರೇ,

ನಮ್ಮ ಮಾವನವರ ಐವತ್ತು ವರ್ಷದ ಕಾರಿನ ಫ್ಯೂಸ್ ಪೆಟ್ಟಿಗೆಯಲ್ಲಿ ಯಾರನ್ನೂ ಕೇಳದೆ ಸಂಸಾರ ಹೂಡಿರುವ ತಮಗೆ, ಅದೇ ಪೆಟ್ಟಿಗೆಯ ಮುಂದೆ ಮೂರು ತಿಂಗಳಿಂದ ಮಂಡಿಯೂರಿರುವ ಅಳಿಯನ ಸಾದರ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಬೇರೆ ಕೇಳಬೇಕಾಗಿಲ್ಲ. ಹಿತ್ತಾಳೆಯ ಮೇಲೆ ಹಸಿರು ಹಸಿರಾಗಿ ಮೈದುಂಬಿಕೊಂಡಿರುವುದು ಕಣ್ಣಿಗೇ ಕಾಣುತ್ತಿದೆ.

ತಮ್ಮ ಪ್ರತಿಭೆಯನ್ನು ಮೆಚ್ಚದೆ ವಿಧಿಯಿಲ್ಲ. ಬ್ರೇಕ್ ಒತ್ತಿದರೆ ಎಡಗಡೆಯ ಇಂಡಿಕೇಟರ್ ಕಣ್ಣು ಮಿಟುಕಿಸುತ್ತದೆ, ಹೆಡ್‌ಲೈಟ್ ಹಾಕಿದರೆ ವೈಪರ್ ಅರ್ಧ ದಾರಿ ಬಂದು ಯೋಚನೆಗೆ ಬೀಳುತ್ತದೆ, ಹಾರ್ನ್ ಮಾತ್ರ ತನಗೆ ಮನಸ್ಸು ಬಂದಾಗ, ಅದೂ ಪಕ್ಕದ ಮನೆಯ ಮಗು ಆಗಷ್ಟೇ ನಿದ್ದೆಹೋದಾಗ, ಬಾಯಿ ಬಿಡುತ್ತದೆ.

ತಮ್ಮನ್ನು ಗೌರವದಿಂದ ಬೀಳ್ಕೊಡಲು ನಾನೂ ಕೈಲಾದದ್ದು ಮಾಡಿದೆ. ಪ್ರತಿ ಭಾನುವಾರ ನಿಂಬೆಹೋಳನ್ನು ಉಪ್ಪಿನಲ್ಲಿ ಅದ್ದಿ, ಹೆಂಡತಿಯ ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು, ಫ್ಯೂಸ್ ಕೂರುವ ಒಂದೊಂದು ಪಟ್ಟಿಯನ್ನೂ ಫಳಫಳ ಉಜ್ಜಿ, ಮುಚ್ಚಳ ಹಾಕುತ್ತಿದ್ದೆ; ಮುಂದಿನ ಭಾನುವಾರ ತೆರೆದರೆ ತಾವು ಮೊದಲಿಗಿಂತ ಹುಲುಸಾಗಿ ಹಾಜರ್. ನಿನ್ನೆ ಈ ಕಥೆ ಕೇಳಿದ ಕಾರ್ ಎಲೆಕ್ಟ್ರಿಷಿಯನ್, "ಉಪ್ಪು ಹಚ್ಚಿ ತೊಳೀದೇ ಬಿಟ್ರೆ ಇನ್ನೇನಾಗುತ್ತೆ ಸರ್? ನೀವು ಕಿಲುಬು ತೆಗೀತಿಲ್ಲ, ಸಾಕ್ತಿದ್ದೀರಿ" ಎಂದು ತಣ್ಣಗೆ ಹೇಳಿ, ಮಂಗಳವಾರ ಬರುವುದಾಗಿ ಹೊರಟುಬಿಟ್ಟರು.

ಅಂದಮೇಲೆ ತಾವು ಮೂರು ತಿಂಗಳು ನನ್ನ ಉಪ್ಪು ತಿಂದಿದ್ದೀರಿ. ಆ ಸಲಿಗೆಯಿಂದ ಒಂದು ಬಿನ್ನಹ. ಮಾವನವರು ಕೊಟ್ಟ ಮೂರು ತಿಂಗಳ ಗಡುವು ಮುಗಿದು, ನಾಳೆ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವರು ಬಂದು ಕಾರಿನಲ್ಲಿ ಕೂರುತ್ತಾರೆ. ದೀಪ, ಹಾರ್ನ್ ಎಲ್ಲ ಸರಿಯಿದ್ದರೆ ಕಾರು ನನ್ನಲ್ಲೇ ಉಳಿಯುತ್ತದೆ. ಇಲ್ಲವಾದರೆ ನನ್ನ ಹೆಂಡತಿಯ ತಂಗಿಯ ಗಂಡ, ಟೈರಿಗೆ ಗಾಳಿ ಹೊಡೆಸಲೂ ಡ್ರೈವರನ್ನು ಕಳಿಸುವ ನನ್ನ ಷಡ್ಡಕ ಮಹಾಶಯರ ಪಾಲಾಗುತ್ತದೆ. ಈ ಕಾರೆಂದರೆ ನನಗೆ ಪ್ರಾಣ, ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ಆದ್ದರಿಂದ ತಾವು ಸಕುಟುಂಬ ಒಂದು ಗಂಟೆಯ ಮಟ್ಟಿಗೆ ಎಲ್ಲಾದರೂ ಸುತ್ತಾಡಿ ಬರಬೇಕು. ಅದಾಗದಿದ್ದರೆ ಕರೆಂಟನ್ನು ತಾವೇ ಹೆಗಲ ಮೇಲೆ ಹೊತ್ತು ಆಚೆ ದಾಟಿಸಿಕೊಡಬೇಕೆಂದು ಬೇಡುವ,

ತಮ್ಮ ವಿಶ್ವಾಸಿ ಹಾಗೂ ಅನ್ನದಾತ,
ಬ್ರಷ್ ಹಿಡಿದ ಅಳಿಯ

ತಾ.ಕ. (ಒಂದು ವಾರದ ನಂತರ): ಮಾವನವರು ಹಾರ್ನ್ ಒತ್ತಿದರು, ವೈಪರ್ ಎದ್ದು ಕೈಬೀಸಿತು. ಕಾರು ಷಡ್ಡಕರ ಮನೆ ಸೇರಿದೆ. ಅವರಿಗೂ ಮೂರೇ ತಿಂಗಳ ಗಡುವು, ಆಮೇಲೆ ಅದೇ ಪರೀಕ್ಷೆ. ಇವತ್ತು ಫೋನ್ ಮಾಡಿ, "ಭಾವ, ಈ ಹಸಿರು ಹೋಗೋಕೆ ಏನು ಹಚ್ತಿದ್ರಿ?" ಎಂದು ಕೇಳಿದರು. ಏನೂ ಮುಚ್ಚಿಡದೆ ಹೇಳಿಕೊಟ್ಟೆ, ಉಪ್ಪಿಗೆ ಜಿಪುಣತನ ಮಾಡಬೇಡಿ ಎಂದೂ ಸೇರಿಸಿದೆ.