ಒಡಪು ಹೇಳದಿದ್ದರೆ ಫೋನ್ ಕಟ್

ನಮ್ಮ ಅತ್ಯಾನ ಹುಟ್ಟುಹಬ್ಬ ಯಾವತ್ತು ಎಂಬುದು ಯಮಧರ್ಮನಿಗೂ ಗೊತ್ತಿರಲಾರದು! ಅತ್ಯಾ ಎಂದರೆ ನನ್ನ ತಂದೆಯ ತಂಗಿ; ನನ್ನ ಮಗಳೂ ಈಗ ಹಾಗೇ ಕರೆಯುತ್ತಾಳೆ. ಧಾರವಾಡದಲ್ಲಿ ಹುಟ್ಟಿ, ಪುಣೆಯ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತಳಾಗಿ, ಅಲ್ಲಿಯದೇ ವಾಕಡ ಬಡಾವಣೆಯಲ್ಲಿ ನಮ್ಮದೇ ಅಪಾರ್ಟ್‌ಮೆಂಟ್ ಸೊಸೈಟಿಯ ಎದುರು ಕಟ್ಟಡದಲ್ಲಿದ್ದಾಳೆ. ಕೇಕು ತರೋಣವೆಂದು ತಾರೀಖು ಕೇಳಿದರೆ, “ಯಾಕ ಬೇಕು? ನನ್ನ ಪಾಸ್‌ವರ್ಡ್ ಊಹಿಸಲಿಕ್ಕೇನು?” ಎನ್ನುತ್ತಾಳೆ. ಆ ಪಾಸ್‌ವರ್ಡಿನ ಹಿಂದೆ ಅಡಗಿರುವ ಆಸ್ತಿ ಏನು ಗೊತ್ತೇ? ಚಟ್ನಿಪುಡಿಯ ಫೋಟೋಗಳು!

ಭಾನುವಾರ ಸೊಸೈಟಿಯ ಮಕ್ಕಳನ್ನು ಗಣಪತಿ ಕೂರಿಸುವ ಹಾಲ್‌ನಲ್ಲಿ ಕೂಡಿಸಿ ಮೊಬೈಲ್ ಪಾಠ ಮಾಡುತ್ತಾಳೆ. ಪಾಠ ಅರ್ಧ ಮರಾಠಿ, ಅರ್ಧ ಕನ್ನಡ. ಮಕ್ಕಳು ಬರುವುದು ಚಕ್ಕುಲಿಗೆ.

“ರಂಗೋಲಿ ಎಲ್ಲೆ ಹಾಕ್ತೀವಿ? ಬಾಗಲದ ಹೊರಗ. ದೇವರಮನಿ ಎಲ್ಲೆ ಇರ್ತದ? ಒಳಗ. ಫೋಟೋ ಹಾಕೋ ಮುಂದ ಕೇಳ್ಕೋರಿ, ಇದು ರಂಗೋಲಿನೋ, ದೇವರಮನಿಯೋ!”

ದಿನಾ ಬೆಳಿಗ್ಗೆ ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಸುಳ್ಳು ಸುದ್ದಿ ತಳ್ಳುವ ನಮ್ಮ ಸೆಕ್ರೆಟರಿಯನ್ನೂ ಒಂದು ವಾರ ಕರೆದು ಮಕ್ಕಳ ಸಾಲಿನಲ್ಲೇ ಕೂರಿಸಿದಳು. ಪಾಪ, ಅವರೂ ಚಕ್ಕುಲಿ ತಿಂದು ಹೋದರು. ಪಾಠದ ಕೊನೆಗೆ ಪ್ರತಿ ಸಲ ಒಂದೇ ಮಾತು: “ತಪ್ಪು ಮಾಡಿದ್ರೂ ಬಂದು ಹೇಳ್ರಿ. ನಾ ಬೈಯೂದಿಲ್ಲ.” ಚಪ್ಪಲಿ ಸಾಲಾಗಿ ಬಿಡದಿದ್ದರೆ ಬೈಯುವವಳ ಈ ಮಾತನ್ನು ಯಾರು ನಂಬುತ್ತಾರೆ?

ಇನ್ನು ಒಡಪಿನ ಕಥೆ. ನಮ್ಮ ಕಡೆ ಮದುವೆ, ಆರತಿಗಳಲ್ಲಿ ಗಂಡ ಹೆಂಡತಿ ಪರಸ್ಪರರ ಹೆಸರನ್ನು ಪ್ರಾಸದಲ್ಲಿ ಸೇರಿಸಿ ಹೇಳುವ ಪದ್ಧತಿಯಿದೆಯಲ್ಲ, ಅದೇ ಒಡಪು. ಕಂಪ್ಯೂಟರಿನಿಂದ ನಮ್ಮವರ ದನಿಯನ್ನೇ ನಕಲು ಮಾಡಿ ಮೋಸ ಮಾಡುತ್ತಾರೆಂದು ಕೇಳಿದ್ದೇ ತಡ, ಮನೆಮಂದಿಗೆಲ್ಲ ಒಂದೊಂದು ಗುಟ್ಟಿನ ಒಡಪು ಹಂಚಿಬಿಟ್ಟಳು. ಮದುವೆಯಾಗದ ನನ್ನ ಮಗಳಿಗೆ ಗಂಡನ ಹೆಸರಿನ ಜಾಗದಲ್ಲಿ ಮಂಡಕ್ಕಿಯ ಗಿರಮಿಟ್ಟು! ಒಡಪು ಹೇಳದವರ ಫೋನ್ ಕಟ್.

ಒಮ್ಮೆ ಬೆಳಗಾವಿಯಿಂದ ಬಂದು ಪುಣೆಯ ಕಾತ್ರಜದಲ್ಲಿ ಬಸ್ಸಿಳಿದೆ. ಮನೆಯ ಕೀಲಿ ಅತ್ಯಾನ ಹತ್ತಿರವಿತ್ತು. ಫೋನ್ ಮಾಡಿದೆ.

“ಅತ್ಯಾ, ನಾನು. ನಂಬರ್ ನೋಡು, ನಂದ ಅದ.”

“ನಂಬರೂ ಕದೀತಾರ, ದನೀನೂ ಕದೀತಾರ. ಒಡಪು ಹೇಳು.”

ಚಹಾದಂಗಡಿಯ ಮುಂದೆ, ಹತ್ತು ಜನರ ನಡುವೆ, ಬ್ಯಾಗು ಹೊತ್ತು ನಿಂತು ಹೆಂಡತಿಯ ಹೆಸರು ಸೇರಿಸಿ ಹೇಳಿದೆ: “ತಾಟಿನಾಗ ತುಪ್ಪ, ತುಪ್ಪದಾಗ ಹೋಳಿಗಿ, ಗೀತಾನ ಕೈಯಾಗ ನನ್ನ ಪಗಾರದ ಜೋಳಿಗಿ!” ಭಾಷೆ ತಿಳಿಯದಿದ್ದರೂ ಪ್ರಾಸ ತಿಳಿಯಿತು ನೋಡಿ, ಮರಾಠಿ ಮಂದಿ ಚಪ್ಪಾಳೆ ತಟ್ಟಿ “ಆಣಖಿ ಏಕ!” ಎಂದು ಇನ್ನೊಂದಕ್ಕೆ ಒತ್ತಾಯಿಸಿದರು.

ಹೋದ ತಿಂಗಳು ಯಾವನೋ ಅಪರಿಚಿತ ನನ್ನ ಮಗಳ ಫೋಟೋವನ್ನು ಕೆಟ್ಟದಾಗಿ ತಿದ್ದಿ, ಶಾಲೆಯವರಿಗೆಲ್ಲ ಕಳಿಸುತ್ತೇನೆಂದು ಹೆದರಿಸಿದ. ಹದಿನೈದರ ಹುಡುಗಿ. ನಮಗೆ ಹೇಳಲು ಅಂಜಿ ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಅತ್ಯಾನಿಗೆ ಫೋನ್ ಹಚ್ಚಿದ್ದಾಳೆ. ಅತ್ಯಾ ಕಾಲಿಗೊಂದು ಬೇರೆ ಬೇರೆ ಚಪ್ಪಲಿ ಹಾಕಿಕೊಂಡು ನಮ್ಮ ಮನೆಗೆ ಓಡಿ ಬಂದಾಗಲೇ ನಮಗೆ ವಿಷಯ ಗೊತ್ತಾಗಿದ್ದು. ಫೋಟೋ ಯಾಕೆ ಹಾಕಿದೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನನ್ನು ದುರುಗುಟ್ಟಿ ನೋಡಿದಳು. ಮಗಳಿಗೆ ಮಾತ್ರ, “ಉತ್ತರ ಕೊಡಬ್ಯಾಡ. ಏನೂ ಅಳಿಸಬ್ಯಾಡ. ನಿಂದೇನೂ ತಪ್ಪಿಲ್ಲ,” ಎಂದು ತಲೆ ಸವರಿದಳು. ನಾವೆಲ್ಲ ಸೈಬರ್ ಪೊಲೀಸರ ಬಳಿ ಹೋಗಿ ದೂರು ಕೊಟ್ಟೆವು. ಅವನ ಖಾತೆ ಬಂದ್ ಆಯಿತು. ಮಗಳು ಮತ್ತೆ ಊಟ ಮಾಡತೊಡಗಿದಳು.

ಮನಸ್ಸು ಹಗುರಾದ ಮೇಲೆ ನಾನು ಅತ್ಯಾನ ಕಾಲೆಳೆದೆ. “ಅವತ್ತ ಆಕಿ ಒಡಪು ಹೇಳಿದ್ಲೇನು?”

“ಎಲ್ಲಿ ಹೇಳ್ತಾಳ? ಬರೇ ಅಳ್ಲಿಕತ್ತಿದ್ಲು.”

“ಮತ್ತ ಅಳೂ ದನಿ ನಕಲು ಮಾಡಲಿಕ್ಕೆ ಬರೂದಿಲ್ಲೇನು? ಮೋಸ ಇದ್ದಿದ್ರ?”

ಅತ್ಯಾ ಚಕ್ಕುಲಿ ಒತ್ತುವುದನ್ನು ನಿಲ್ಲಿಸಲಿಲ್ಲ. “ಇದ್ರ ಇರಲಿ. ಕೂಸು ಅಳ್ಲಿಕತ್ತಾಗ ಒಡಪು ಕೇಳ್ಕೋತ ಕೂಡ್ತಾರೇನು? ನಾ ಮೋಸ ಹೋದ್ರ ಹೋಗ್ಲಿ. ಆಕಿ ಒಬ್ಬಾಕಿ ಆಗಬಾರದು.”