ಗಿರಣಿಯಲ್ಲಿ ಮರುಭೂಮಿ

ಹರಪನಹಳ್ಳಿ ಬಿಟ್ಟು ಅಲ್ಲಾಡದೆ ಮರುಭೂಮಿಯನ್ನು ಅರೆದು ಕುಡಿದ ಏಕೈಕ ಮನುಷ್ಯ, ಹಿಟ್ಟಿನ ಗಿರಣಿ ನಡೆಸುವ ನಮ್ಮ ಸೋದರಮಾವ. ಮನೆ ಕಟ್ಟಿಸುವಾಗ ಬಾಗಿಲಿಗೆ ಸುರಿಸಿದ ಎರಡು ಗಾಡಿ ಉಸುಕು ಬಿಟ್ಟರೆ ಅವರು ಬೇರೆ ಮರಳು ಕಂಡವರಲ್ಲ.

ಜ್ಞಾನವೆಲ್ಲ ಬಂದದ್ದು ಹೊಸಪೇಟೆಯ ರದ್ದಿ ಅಂಗಡಿಯಿಂದ ಯಾರೋ ತಂದುಕೊಟ್ಟ ಕೆಂಪು ರಟ್ಟಿನ ಪುಸ್ತಕದಿಂದ. ಹಳೆಯ ಮಹಾಯುದ್ಧದಲ್ಲಿ ಒಂಟೆ ಏರಿ ಮರುಭೂಮಿ ಸುತ್ತಿದ ಬಿಳಿ ಸಿಪಾಯಿಯೊಬ್ಬನ ಜೀವನಚರಿತ್ರೆ. ಮೂರನೇ ಅಧ್ಯಾಯದಿಂದ ಏಳರವರೆಗೆ ಹುಳು ಕೊರೆದ ತೂತು. ಆ ಹುಳುವಿನಷ್ಟು ಆಳವಾಗಿ ಅದನ್ನು ಯಾರೂ ಓದಿರಲಿಕ್ಕಿಲ್ಲ. ಪುಸ್ತಕ ಇಂಗ್ಲಿಷಿನದು, ಮಾವನಿಗೆ ಇಂಗ್ಲಿಷ್ ಬಾರದು ಎಂಬುದೊಂದು ಸಣ್ಣ ಅಡಚಣೆ.

ಅವರ ಮಗ ಮಿಲಿಟರಿ ಸೇರಿ ರಾಜಸ್ಥಾನದ ಗಡಿಯಲ್ಲಿದ್ದ. ಕಾಗದ ಬರೆದರೆ ಎರಡೇ ಸಾಲು: 'ನಾನು ಕ್ಷೇಮ. ನೀವು ಕ್ಷೇಮವೆಂದು ನಂಬಿದ್ದೇನೆ.' ಅತ್ತೆಗೆ ಅನ್ನ ಸೇರುತ್ತಿರಲಿಲ್ಲ. ಅಲ್ಲಿ ನೀರು ಹೇಗೆ, ನೆರಳು ಹೇಗೆ, ಹೋದವರು ತಿರುಗಿ ಬರುತ್ತಾರೋ ಇಲ್ಲವೋ, ಮಗ ಬರೆಯದ್ದನ್ನೆಲ್ಲ ಈ ಪುಸ್ತಕ ಹೇಳಬೇಕಿತ್ತು.

ಮೊದಲು ಪ್ರಯೋಗ. ಚಿತ್ರದಲ್ಲಿದ್ದ ಸಿಪಾಯಿಯಂತೆ ಮಾವ ತಲೆಗೆ ದುಪ್ಪಟಿ ಹೊದ್ದು, ಒಂದೇ ತಂಬಿಗೆ ನೀರು ಹಿಡಿದು, ಬೇಸಿಗೆಯ ನಡುಮಧ್ಯಾಹ್ನ ಹತ್ತಿರದ ಚಿಗಟೇರಿ ಊರಿನ ದಿಕ್ಕಿಗೆ ನಡೆದರು. ಮುಖದ ತುಂಬ ಗಿರಣಿಯ ಹಿಟ್ಟು. ಹಿಂದೆ ಸೈಕಲ್ ತಳ್ಳುತ್ತ ನಾನು. ಸೈಕಲ್ಲೇ ಒಂಟೆ. ಅರ್ಧ ದಾರಿಗೇ ತಂಬಿಗೆ ಖಾಲಿ.

ಎಮ್ಮೆ ಕಾಯುತ್ತಿದ್ದ ಮುದುಕಿ ಕೇಳಿದಳು: "ಯಾಕ್ರಿ ಸಾವ್ಕಾರ್ರೇ, ಬಸ್ಸು ತಪ್ಪಿತೇನ್ರಿ?"

"ಬಸ್ಸಲ್ಲಬೇ, ಇದು ಮರುಭೂಮಿ."

"ಹಂಗೇನ್ರಿ? ನಮ್ಮ ಎಮ್ಮಿ ಬಾನ್ಯಾಗ ನೀರದಾವ, ಕುಡದು ಹೋಗ್ರಿ."

ಎಮ್ಮೆ ಸರಿದು ಜಾಗ ಕೊಟ್ಟಿತು. ಮರುಭೂಮಿಯಿಂದ ಮಾವ ಬಸ್ಸಿನಲ್ಲಿ ವಾಪಸಾದರು.

ಆಮೇಲೆ ಓದು. ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಸರಿಯಾಗಿ ಮೂವತ್ತೈದು ತೆಗೆದ ಪಂಡಿತ ನಾನು. ದಿನಾ ಗಿರಣಿಯಲ್ಲಿ ನಿಂತು, ಬೆಲ್ಟಿನ ಸದ್ದಿಗಿಂತ ಜೋರಾಗಿ, ತಿಳಿದ ಒಂದು ಪದಕ್ಕೆ ತಿಳಿಯದ ಹತ್ತು ಸೇರಿಸಿ ಅನುವಾದಿಸುತ್ತಿದ್ದೆ.

"ಆ ಮನಷ್ಯಾ ಅಲ್ಲಿ ಏನು ತಿಂತಾನಪ್ಪಾ?" ಅಂದರು ಅತ್ತೆ.

ಗಂಭೀರವಾಗಿ ಪುಟ ತಿರುವಿದೆ. "ಮಂಡಕ್ಕಿ ಮಿರ್ಚಿ, ಅತ್ತಿ."

"ಉಸುಕಿನ್ಯಾಗ ಮಂಡಕ್ಕಿ ಎಲ್ಲಿಂದ ಬಂತಲೇ?" ಮಾವ.

"ಒಂಟಿ ಮ್ಯಾಲೆ ಹೇರ್ಕೊಂಡು ಬರ್ತಾರ ಮಾವ. ಹಗರ ಇರ್ತೈತಲ್ಲ."

ಜೋಳ ಬೀಸಿಸಲು ಬಂದ ಹೆಂಗಸರು ಹೌದಲ್ಲ ಎಂದು ತಲೆದೂಗಿದರು. ಅವತ್ತು ಅತ್ತೆ ಎರಡು ರೊಟ್ಟಿ ಉಂಡರು.

ಕೊನೆಯ ಅಧ್ಯಾಯ ಬಂತು. ನನ್ನ ಇಂಗ್ಲಿಷಿಗೂ ಅದು ಅರ್ಥವಾಯಿತು. ಗುಂಡು, ಬಿಸಿಲು ಎಲ್ಲ ದಾಟಿ ಬಂದವನು ತನ್ನೂರಿನ ರಸ್ತೆಯಲ್ಲೇ ಮೋಟಾರ್ ಸೈಕಲ್ಲಿನಿಂದ ಬಿದ್ದು ಸತ್ತಿದ್ದ. ಅತ್ತೆ ಮೊರ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದರು.

"ಮನಿಗೆ ಬಂದ," ಅಂದೆ. "ಅವರವ್ವ ಎಣ್ಣಿ ಹಚ್ಚಿ ಎರದ್ಲು. ಹೋಳಿಗಿ ಉಂಡು ಎರಡು ದಿನ ಮಲಗಿಬಿಟ್ಟ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ಮಾವ ಗಿರಣಿ ನಿಲ್ಲಿಸಿದರು. ನನ್ನ ಕಿವಿ ಹಿಂಡುತ್ತಾರೆಂದುಕೊಂಡೆ.

"ಅವ ಗಾಡಿ ಮ್ಯಾಲಿಂದ ಬಿದ್ದು ಸತ್ತಾನಂತ ಸಾಲಿ ಮೇಷ್ಟ್ರು ನನಗ ಎಂದೋ ಓದಿ ಹೇಳ್ಯಾರಲೇ," ಎಂದರು ಮೆಲ್ಲಗೆ.

"ಮತ್ತ ನನ್ನ ಕೈಲಿ ಯಾಕ ಓದಿಸಿದಿ ಮಾವ?"

"ಮೇಷ್ಟ್ರಿಗೆ ಸುಳ್ಳು ಹೇಳಾಕ ಬರಂಗಿಲ್ಲ." ಪುಸ್ತಕದ ಮೇಲೆ ಕೂತ ಹಿಟ್ಟನ್ನು ಒರೆಸಿ ನನ್ನ ಕೈಗಿಟ್ಟರು. "ನಾಳಿಂದ ಮತ್ತ ಮೊದಲಿಂದ ಓದು. ನಿಮ್ಮತ್ತಿ ಊಟದ ಹೊತ್ತಿಗೆ ಬಾ."